ಬಿಡಿಸಿದ ಲೆಕ್ಕವನ್ನೇ ಮತ್ತೆ ಬಿಡಿಸುವುದು

ಜಮಖಂಡಿ ತಾಲ್ಲೂಕಿನ ಹುನ್ನೂರಿನಂತಹ ಊರುಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಸಮೀಪಿಸುತ್ತಿದ್ದಂತೆ ಹೊಸ ಪಾಠಗಳು ಮುಗಿದು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವ ಕಾಲ ಆರಂಭವಾಗುತ್ತದೆ. ಒಮ್ಮೆ ಬಿಡಿಸಿದ ಪ್ರಶ್ನೆಯನ್ನೇ ಮತ್ತೆ ಬಿಡಿಸಬೇಕೇ ಎಂಬ ಸಂದೇಹಕ್ಕೆ ಮಕ್ಕಳಿಗೆ ಸಿಗುವ ಉತ್ತರಗಳು ಎರಡು: ಹತ್ತು ಸಲ ಬರೆದು ಬಾಯಿಪಾಠ ಮಾಡು ಎನ್ನುವುದು ಒಂದು, ಬಂದದ್ದನ್ನು ಬಿಟ್ಟು ಮುಂದಕ್ಕೆ ಹೋಗು ಎನ್ನುವುದು ಇನ್ನೊಂದು. ಎರಡನೆಯ ಸಲ ಬರೆಯುವಾಗ ಉತ್ತರವನ್ನು ಮನಸ್ಸು ಹುಡುಕಿ ತೆಗೆಯುತ್ತಿದೆಯೇ ಅಥವಾ ಕಣ್ಣು ಕೇವಲ ಗುರುತು ಹಿಡಿಯುತ್ತಿದೆಯೇ ಎಂಬ ಮುಖ್ಯ ವಿಷಯವನ್ನು ಎರಡೂ ಉತ್ತರಗಳು ಬಿಟ್ಟುಬಿಡುತ್ತವೆ.

ಬಂದದ್ದನ್ನು ಬಿಡುವ ಸಲಹೆ ಎಷ್ಟು ದುಬಾರಿ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೆಫ್ರಿ ಕಾರ್ಪಿಕೆ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟಿಸಿದ ಪ್ರಯೋಗವು ತೋರಿಸಿಕೊಟ್ಟಿತು. ಸ್ವಾಹಿಲಿ ಭಾಷೆಯ 40 ಪದಗಳ ಅರ್ಥವನ್ನು ಕಲಿತ ವಿದ್ಯಾರ್ಥಿಗಳಲ್ಲಿ, ಸರಿಯಾಗಿ ಹೇಳಿದ ಪದಗಳ ಮೇಲೂ ಮತ್ತೆ ಮತ್ತೆ ಪರೀಕ್ಷೆ ಎದುರಿಸಿದವರು ಒಂದು ವಾರದ ನಂತರ ಸುಮಾರು ಶೇ 80ರಷ್ಟನ್ನು ನೆನಪಿಟ್ಟುಕೊಂಡಿದ್ದರೆ, ಒಮ್ಮೆ ಸರಿಯಾದ ಕೂಡಲೇ ಆ ಪದಗಳ ಪರೀಕ್ಷೆಯನ್ನು ಕೈಬಿಟ್ಟವರಿಗೆ ಉಳಿದದ್ದು ಶೇ 35ರ ಆಸುಪಾಸು ಮಾತ್ರ. ಕೈಬಿಟ್ಟ ಪದಗಳನ್ನು ಓದುವುದನ್ನು ಮುಂದುವರಿಸಿದರೂ ಹೆಚ್ಚಿನ ಲಾಭವಾಗಲಿಲ್ಲ. ತಮಗೆ ಎಷ್ಟು ನೆನಪಿರುತ್ತದೆ ಎಂಬ ಅಂದಾಜಿನಲ್ಲಿ ಮಾತ್ರ ಎರಡೂ ಬಗೆಯವರಿಗೆ ವ್ಯತ್ಯಾಸವಿರಲಿಲ್ಲ. ‘ನನಗೆ ಬರುತ್ತದೆ’ ಎಂಬ ಮಗುವಿನ ನಂಬಿಕೆಯೊಂದನ್ನೇ ಅಳತೆಗೋಲಾಗಿ ಹಿಡಿಯಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಆದರೆ ಗಣಿತದಲ್ಲಿ ಪುನರಾವರ್ತನೆಗೆ ಅದರದೇ ಆದ ಅಪಾಯವಿದೆ: ವಿಧಾನದ ಬದಲು ಉತ್ತರವೇ ಬಾಯಿಪಾಠವಾಗಿಬಿಡಬಹುದು. 2, 7, 12 ಎಂದು ಸಾಗುವ ಸಮಾಂತರ ಶ್ರೇಢಿಯ, ಅಂದರೆ ಪ್ರತಿ ಪದಕ್ಕೂ ಒಂದೇ ಸಂಖ್ಯೆಯನ್ನು ಕೂಡಿಸುತ್ತ ಹೋಗುವ ಸಾಲಿನ, ಹತ್ತನೆಯ ಪದವನ್ನು ಕೇಳುವ ಲೆಕ್ಕವನ್ನು ಮೂರು ಸಲ ಮಾಡಿದ ಮಗು ನಾಲ್ಕನೆಯ ಸಲ ಸೂತ್ರವನ್ನು ನೆನೆಯುವ ಮೊದಲೇ 47 ಎಂದು ಬರೆದಿರುತ್ತದೆ. ಅದೇ ಸಾಲಿನಲ್ಲಿ 102 ಎಷ್ಟನೆಯ ಪದ ಎಂದು ಕೇಳಿದಾಗ, ಮೊದಲ ಪದ 2, ಸಾಮಾನ್ಯ ವ್ಯತ್ಯಾಸ 5 ಎಂಬುದರಿಂದ ಹೊರಟು 21ಕ್ಕೆ ತಲುಪಿದರೆ ಮಾತ್ರ ಹಿಂದಿನ ಮೂರು ಸಲದ ಶ್ರಮ ಕಲಿಕೆಯಾಗಿದೆ ಎನ್ನಬಹುದು. ರೇಖಾಗಣಿತದ ಥೇಲ್ಸ್ ಪ್ರಮೇಯದ ಸಾಧನೆಯನ್ನು ಗೈಡಿನಲ್ಲಿದ್ದಂತೆ ಕಂಠಪಾಠ ಮಾಡಿದ ಮಗು, ತ್ರಿಭುಜದ ಹೆಸರು ಎಬಿಸಿ ಬದಲು ಪಿಕ್ಯೂಆರ್ ಆದೊಡನೆ ತಡವರಿಸುವುದೂ ಇದೇ ಕಾರಣಕ್ಕೆ. ಮುಧೋಳ-ಜಮಖಂಡಿ ಸೀಮೆಯ ಕುಸ್ತಿಯ ಗರಡಿಮನೆಗಳಿಗೆ ಈ ಸೂಕ್ಷ್ಮ ಹೊಸದಲ್ಲ. ಅಲ್ಲಿ ಪಟ್ಟು ಅದೇ ಇದ್ದರೂ ಎದುರಾಳಿ ಬದಲಾಗುತ್ತಿರುತ್ತಾನೆ.

ವೆಬ್‌ಕಾಸ್ಟಿಂಗ್, ಅಂದರೆ ಪರೀಕ್ಷಾ ಕೊಠಡಿಯ ದೃಶ್ಯಗಳನ್ನು ಕ್ಯಾಮೆರಾ ಮೂಲಕ ದೂರದಿಂದಲೇ ಗಮನಿಸುವ ವ್ಯವಸ್ಥೆ, 2024ರಲ್ಲಿ ಬಂದ ಮೇಲೆ, ನಕಲಿನ ಆಸರೆ ತಗ್ಗಿ, ಉತ್ತರವನ್ನು ಮನಸ್ಸಿನಿಂದಲೇ ಹುಡುಕಿ ತೆಗೆಯುವ ಅಭ್ಯಾಸದ ತೂಕ ಹೆಚ್ಚಿದೆ. 2023ರಲ್ಲಿ ಶೇ 83.89ರಷ್ಟಿದ್ದ ರಾಜ್ಯದ ಫಲಿತಾಂಶವು, ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ, 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಹಿಂದುಳಿದ ಮಕ್ಕಳಿಗಾಗಿ ಶಿಕ್ಷಕರು ಕಾಳಜಿಯಿಂದಲೇ ಸಿದ್ಧಪಡಿಸುವ ‘ಪಾಸಿಂಗ್ ಪ್ಯಾಕೇಜ್’ಗಳಲ್ಲಿ ಪ್ರಶ್ನೆಯ ಕೆಳಗೇ ಉತ್ತರವನ್ನು ಅಚ್ಚು ಹಾಕುವುದು ಈ ದೃಷ್ಟಿಯಿಂದ ಮರುಚಿಂತನೆಗೆ ಅರ್ಹ. ಉತ್ತರಗಳು ಬೇರೆ ಹಾಳೆಯಲ್ಲಿದ್ದರೆ, ತಪ್ಪಿದ ಪ್ರಶ್ನೆಯ ಪಕ್ಕದಲ್ಲಿ ತಾರೀಖು ಬರೆದು ಮೂರು ದಿನಕ್ಕೊಮ್ಮೆ, ಅನಂತರ ವಾರಕ್ಕೊಮ್ಮೆ ಬೇರೆ ಪಾಠದ ಪ್ರಶ್ನೆಗಳ ನಡುವೆ ಬೆರೆಸಿ ಕೇಳಿದರೆ, ಅದೇ ಪ್ಯಾಕೇಜು ಇನ್ನಷ್ಟು ಫಲ ಕೊಡುತ್ತದೆ. ಮನೆಯ ಮಗ್ಗಕ್ಕೋ ಕಬ್ಬಿನ ಹೊಲಕ್ಕೋ ಕೈಜೋಡಿಸಿ ಸಂಜೆಯ ಒಂದೆರಡು ತಾಸು ಮಾತ್ರ ಓದಲು ಸಿಗುವ ಮಗುವಿಗೆ, ಇಡೀ ಪತ್ರಿಕೆಯನ್ನು ಮತ್ತೆ ಬರೆಯುವುದಕ್ಕಿಂತ ಇಂತಹ ಐದು ಪ್ರಶ್ನೆಗಳು ಮೇಲು.

ಎಸ್ಸೆಸ್ಸೆಲ್ಸಿಯ ಮೊದಲ ಸುತ್ತಾದ ಪರೀಕ್ಷೆ-1ರಲ್ಲಿ ಅನುತ್ತೀರ್ಣರಾದವರಿಗೆ ಮರು ಅವಕಾಶವಾದ ಪರೀಕ್ಷೆ-2ರವರೆಗೆ ಕೆಲವು ವಾರಗಳ ಬಿಡುವು ಸಿಗುತ್ತದೆ. ಶುಲ್ಕ ಕಟ್ಟಿ ಪಡೆಯಬಹುದಾದ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನು ಮರುಮೌಲ್ಯಮಾಪನದ ಆಸೆಗಷ್ಟೇ ಬಳಸದೆ, ಮೊದಲು ಬರೀ ಪ್ರಶ್ನೆಪತ್ರಿಕೆಯನ್ನು ಕೊಟ್ಟು ಶಾಲೆಯಲ್ಲೇ ಮತ್ತೊಮ್ಮೆ ಬರೆಸಿ, ಬಳಿಕ ಆ ಪ್ರತಿಯನ್ನು ಮಗುವಿನ ಮುಂದೆ ಬಿಚ್ಚಿಟ್ಟರೆ, ಲೆಕ್ಕ ಯಾವ ಸಾಲಿನಲ್ಲಿ ದಾರಿ ತಪ್ಪಿತೆಂಬುದು ತನ್ನದೇ ಕೈಬರಹದಲ್ಲಿ ಮಗುವಿಗೆ ಕಾಣಿಸುತ್ತದೆ.