ಅತ್ತೆ ಮಂಚದ ಎತ್ತರ, ಕಾರಿನ ಎತ್ತರ

ಈ ಸಲ ನಂಜನಗೂಡು ದೊಡ್ಡ ಜಾತ್ರೆಗೆ ನಮ್ಮತ್ತೆ ಬರಲಿಲ್ಲ. "ನೀವ್ ಹೋಗ್ಬನ್ನಿ ಕನವ್ವ, ನಂಗ್ಯಾಕೊ ಸುಸ್ತು" ಅಂದ್ರು. ನಾನು ಈ ಮನೆಗೆ ಸೊಸೆಯಾಗಿ ಬಂದ್ಮೇಲೆ ಅವರು ತೇರು ತಪ್ಪಿಸಿದ್ದು ಇದೇ ಮೊದಲು. ಸುಸ್ತು ಅಂದವರು ಅವತ್ತು ಬೆಳಿಗ್ಗೆ ಹಿತ್ತಲೆಲ್ಲ ಗುಡಿಸಿದ್ರು, ಮಧ್ಯಾಹ್ನ ಎರಡು ಸೇರು ಅವರೆಕಾಳು ಹಸನು ಮಾಡಿದ್ರು. ನಂಗೆ ಅನುಮಾನ ಬಂತು. ಆದ್ರೂ ಕೆದಕಲಿಲ್ಲ.

ವಾರ ಕಳೆದ್ಮೇಲೆ ಜಗಲಿ ಮೇಲೆ ಹೂ ಕಟ್ತಾ ಕೂತಿದ್ದಾಗ ಅವರೇ ಬಾಯಿ ಬಿಟ್ರು. "ಆ ಕಾರಿಂದ ಇಳಿಬೇಕಾರೆ ಒಬ್ರು ಕಂಕ್ಳಿಗೆ ಕೈ ಹಾಕಿ ಎಳಿಬೇಕು, ಇನ್ನೊಬ್ರು ಕಾಲು ಎತ್ತಿ ಆಚ್ಗೆ ಮಡುಗ್ಬೇಕು. ಗುಡಿ ಮುಂದ ಹತ್ತು ಜನ ನಿಂತ್ಕಂಡು ನೋಡ್ತರ. ನಾನೇನ್ ಭತ್ತದ ಮೂಟೆಯಾ?"

ನನ್ನ ಕೈಯಲ್ಲಿದ್ದ ದಾರ ಅಲ್ಲೇ ನಿಂತೋಯ್ತು. ನಮ್ಮ ಮನೆ ಕಾರು ಅಂದ್ರೆ ನೀವೆಲ್ಲ ನೋಡಿರೋದೇ, ಬೆಳ್ಳಿ ಬಣ್ಣದ್ದು, ಉದ್ದನೆ ಡಿಕ್ಕಿದು. ಹತ್ತು ವರ್ಷದ ಹಿಂದೆ ಯಜಮಾನ್ರು ಮೈಸೂರಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡ್ರು. ಮನೆ ಮುಂದೆ ನಿಂತ್ರೆ ಗೌಡಿಕೆ ಕಾರು ಅಂತ ಬೀದಿ ಮಂದಿ ಅಂದಿದ್ದೂ ಉಂಟು. ಆ ಗೌಡಿಕೆ ಕಾರು ಮನೆ ಹಿರಿಯಳನ್ನೇ ಮನೇಲಿ ಕೂರಿಸಿತ್ತು, ನಮಗೆ ಯಾರಿಗೂ ಗೊತ್ತಾಗಲಿಲ್ಲ.

ನನ್ನ ಮಗನೂ ಒಂದು ವರ್ಷದಿಂದ "ಅವ್ವ, ಈ ಕಾರು ಮಾರಿಬಿಡುವ, ಎತ್ತರದ್ದು ತಗೊಳ್ಳುವ. ಈಗ ಯಾರು ಸೆಡಾನ್ ತಗೋತಾರೆ?" ಅಂತ ಹಿಂದೆ ಬಿದ್ದಿದ್ದ. ಅವನಿಗೆ ಅಜ್ಜಿ ಮಂಡಿ ಚಿಂತೆ ಏನಿರಲಿಲ್ಲ. ಗೆಳೆಯರ ಕಾರೆಲ್ಲ ಎತ್ತರ, ತನ್ನದು ಮಾತ್ರ ಗಿಡ್ಡ ಅನ್ನೋದೇ ಚಿಂತೆ. ಯಜಮಾನ್ರಿಗೆ ಹಳೇದರ ಮೋಹ. ಮನೇಲಿ ಮೂರು ತಿಂಗಳು ಇದೇ ಪಂಚಾಯ್ತಿ. ಈ ಪಂಚಾಯ್ತಿ ಈಗ ಎಷ್ಟೋ ಮನೇಲಿ ನಡೀತಾ ಇದೆ, ಹೆಂಗಸರನ್ನ ಮಾತ್ರ ಯಾರೂ ಕೇಳಲ್ಲ. ಅದಕ್ಕೇ ನನಗೆ ಅನ್ನಿಸಿದ್ದನ್ನ ಬರೀತಾ ಇದೀನಿ.

ಮಗ ಹೇಳಿದ್ದು ಸುಳ್ಳಲ್ಲ, ಅದನ್ನ ಮೊದಲು ಒಪ್ಕೋಬೇಕು. ನಾವು ಬೆಂಗಳೂರಿಗೆ ಹೋಗುವಾಗ ದಾರೀಲಿ ಸಿಗುತ್ತಲ್ಲ ಬಿಡದಿ, ಅಲ್ಲಿ ಟೊಯೋಟಾ ಕಾರ್ಖಾನೆ ಇದೆ. 2003ರಲ್ಲಿ ಕರೋಲಾ ಅನ್ನೋ ಕಾರು ಬಂದಾಗ ಡಾಕ್ಟ್ರು, ಕಂಟ್ರಾಕ್ಟ್ರು, ರೈಸ್‌ಮಿಲ್ ಸಾಹುಕಾರರು ಅದಕ್ಕೆ ಮುಗಿಬಿದ್ರು. 2020ರಲ್ಲಿ ಅದು ನಿಂತೋಯ್ತು. ಅದೇ ಕಂಪನಿಯ ಯಾರಿಸ್ 2021ರಲ್ಲಿ ನಿಂತಿತು. ಹೋಂಡಾ ಸಿವಿಕ್ 2020ರಲ್ಲಿ, ಮಾರುತಿ ಸಿಯಾಜ್ 2025ರಲ್ಲಿ. ಬಿಡದೀಲಿ ಇನ್ನೋವಾ ಮಾತ್ರ 2005ರಿಂದ ನಿಂತೇ ಇಲ್ಲ, ಎತ್ತರದ ಹೈರೈಡರ್ ಕೂಡ ಅಲ್ಲೇ ತಯಾರಾಗುತ್ತೆ.

ಇಡೀ ದೇಶದ ಲೆಕ್ಕ ನೋಡಿದ್ರೂ ಹಂಗೇ. 2022-23ರಲ್ಲಿ ಎತ್ತರದ ಗಾಡಿಗಳು ಮಾಮೂಲಿ ಕಾರುಗಳನ್ನ ಹಿಂದೆ ಹಾಕಿದ್ವು. ಅವು 20 ಲಕ್ಷ ಮಾರಾಟ ಆದ್ರೆ, ಚಿಕ್ಕ ಕಾರು, ಡಿಕ್ಕಿ ಕಾರು ಎರಡೂ ಸೇರಿ 17 ಲಕ್ಷ ಚಿಲ್ಲರೆ. 2024-25ರಲ್ಲಿ ಮಾರಾಟ ಆದ ಸುಮಾರು 43 ಲಕ್ಷದಲ್ಲಿ 28 ಲಕ್ಷ ಎತ್ತರದ್ದೇ. ಅಮೆರಿಕದಲ್ಲಿ 2018ರಲ್ಲೇ ಫೋರ್ಡ್ ಕಂಪನಿ ನಮಗೆ ಸೆಡಾನ್ ಸಹವಾಸ ಸಾಕು ಅಂತ ಹೇಳಿಬಿಟ್ಟಿತ್ತು.

ಹಂಗಾದ್ರೆ ಡಿಕ್ಕಿ ಕಾರು ಪೂರಾ ಸತ್ತೋಯ್ತಾ? ಇಲ್ಲ, ಇಲ್ಲೇ ಒಂದು ತಮಾಷೆ ಇದೆ. ಎರಡು ಕೊನೇಲಿ ಅದು ಚೆನ್ನಾಗೇ ಬದುಕಿದೆ. ಒಂದು ಕೊನೇಲಿ ಬೆಂಜ್ ಕಾರು. ಹಿಂದಿನ ಸೀಟಲ್ಲಿ ಕಾಲು ಚಾಚಿ ಕೂರೋ ಹಂಗೆ ಉದ್ದ ಮಾಡಿರೋ ಇ-ಕ್ಲಾಸ್, ಐಷಾರಾಮಿ ಕಾರುಗಳಲ್ಲಿ ನಮ್ಮ ದೇಶದಲ್ಲಿ ಅತಿ ಹೆಚ್ಚು ಹೋಗೋದು ಅದೇ ಅಂತೆ. ಇನ್ನೊಂದು ಕೊನೇಲಿ ಡಿಜೈರ್, ಮೈಸೂರು ಸ್ಟ್ಯಾಂಡಲ್ಲಿ ಟ್ಯಾಕ್ಸಿ ಅಂದ್ರೆ ಅದೇ. ಎರಡೂ ಕಡೆ ಓಡ್ಸೋನು ಬೇರೆ, ಕೂರೋರು ಬೇರೆ. ಕಾಣೆಯಾಗಿರೋದು ಮಧ್ಯದ್ದು. ಸ್ವಂತವಾಗಿ ಓಡಿಸ್ಕೊಂಡು, ಮನೆಯವರನ್ನ ತುಂಬ್ಕೊಂಡು, ಮದ್ವೆ ಮನೆ ಮುಂದೆ ಇಳಿದ್ರೆ ನಾಲ್ಕು ಜನ ತಿರುಗಿ ನೋಡ್ಲಿ ಅಂತ ತಗೋತಿದ್ದ ಕಾರು. ಆ ತಿರುಗಿ ನೋಡೋ ಕಣ್ಣು ಈಗ ಎತ್ತರದ ಕಡೆ ತಿರುಗಿದೆ.

ಯಾಕೆ ಹಿಂಗಾಯ್ತು ಅಂದ್ರೆ ನಮ್ಮ ಸುತ್ತೂರು ದಾರೀಲಿ ಒಂದು ಸಲ ಹೋಗ್ಬನ್ನಿ, ಗೊತ್ತಾಗುತ್ತೆ. ಊರಿಗೊಂದು ಅಂತ ಯಾರೋ ಹಾಕಿರೋ ಹಂಪು. ಐದು ಜನ ಕೂತ್ರೆ ನಮ್ಮ ಕಾರಿನ ಹೊಟ್ಟೆ ಹಂಪಿಗೆ ಉಜ್ಜುತ್ತೆ, ಕರ್ರ್ ಅಂತ ಸದ್ದು. ಆಗ ಯಜಮಾನ್ರು "ಇಬ್ರು ಇಳೀರಿ" ಅಂತಾರೆ. ಇಳಿಯೋದು ಯಾರು? ಹೆಂಗಸರೇ. ರೇಷ್ಮೆ ಸೀರೆ ಉಟ್ಕೊಂಡು, ತಟ್ಟೆ ಹಿಡ್ಕೊಂಡು, ಹಂಪು ದಾಟಿ ಮತ್ತೆ ಹತ್ತಬೇಕು.

ಇನ್ನೊಂದು ಕಾರಣ ಸರ್ಕಾರದ ತೆರಿಗೆ. 2006ರಿಂದ ನಾಲ್ಕು ಮೀಟರಿನೊಳಗಿನ ಸಣ್ಣ ಎಂಜಿನ್ ಕಾರಿಗೆ ತೆರಿಗೆ ಕಮ್ಮಿ. ನಾಲ್ಕು ಮೀಟರು ಅಂದ್ರೆ ನಾವು ಉಡೋ ಐದೂವರೆ ಮೀಟರಿನ ಸೀರೆಗಿಂತ ಚಿಕ್ಕದು ಕಣ್ರೀ. ಅಷ್ಟರೊಳಗೆ ಮುಂದೆ ಎಂಜಿನ್, ಮಧ್ಯೆ ಮನುಷ್ಯರು, ಹಿಂದೆ ಉದ್ದದ ಡಿಕ್ಕಿ ಮೂರನ್ನೂ ಹಿಡಿಸಬೇಕು ಅಂದ್ರೆ ಎಲ್ಲಾದ್ರೂ ಕತ್ತರಿ ಹಾಕಲೇಬೇಕು. ಡಿಜೈರ್ ಕಾರಿನ ಬಾಲ 2012ರಲ್ಲಿ ಮೊಟಕಾಗಿದ್ದು ಅದಕ್ಕೇ. ಉದ್ದಕ್ಕೆ ಜಾಗ ಇಲ್ಲ ಅಂದ್ಮೇಲೆ ಮೇಲಕ್ಕೆ ಕಟ್ಟು ಅನ್ನೋದು ಕಂಪನಿಯವರ ಲೆಕ್ಕ. ಬೆಂಗಳೂರಲ್ಲಿ ಇಪ್ಪತ್ತು-ಮೂವತ್ತು ಸೈಟಲ್ಲಿ ನಾಲ್ಕು ಮಹಡಿ ಎಬ್ಬಿಸ್ತಾರಲ್ಲ, ಹಂಗೇ. 2013ರಲ್ಲಿ ಇಕೋಸ್ಪೋರ್ಟ್, 2016ರಲ್ಲಿ ಬ್ರೆಝಾ ಬಂದ್ಮೇಲೆ ಜನ ತಿರುಗಿ ನೋಡಲಿಲ್ಲ. ಮೊದಲೆಲ್ಲ ದೊಡ್ಡ ಗಾಡಿಗಳಲ್ಲಿ ನೆಲದಿಂದ 170 ಮಿಲಿಮೀಟರು ಎತ್ತರ ಇದ್ರೆ ತೆರಿಗೆ ಒಂಚೂರು ಜಾಸ್ತಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಚಿಕ್ಕದಕ್ಕೆ 18, ದೊಡ್ಡದು ಯಾವುದಾದ್ರೂ ನೂರಕ್ಕೆ 40 ಅಂತ ಆಯ್ತು. ಗಿಡ್ಡಕ್ಕೂ ಎತ್ತರಕ್ಕೂ ಇದ್ದ ಆ ವ್ಯತ್ಯಾಸವೂ ಹೋಯ್ತು.

ಇಷ್ಟೆಲ್ಲ ಓದಿ ನಾನು ಅತ್ತೆಗೆ ಹೇಳ್ದಾಗ ಅವರು ಕೇಳಿದ್ದು ಒಂದೇ ಮಾತು. "ಅಂಬಾಸಿಡರ್‌ಗೂ ಡಿಕ್ಕಿ ಇತ್ತಲ್ಲವ್ವ? ಅದ್ರಲ್ಲಿ ನಾನು ರಾಣಿ ಹಂಗ ಹತ್ತಿ ಇಳೀತಿದ್ದಿ."

ಎಂಥಾ ಮಾತು ನೋಡಿ! ನಿಜವಾಗ್ಲೂ ಅಂಬಾಸಿಡರ್ ಡಿಕ್ಕಿ ಕಾರೇ. ಆದ್ರೆ ಅದರ ತಲೆ ಎತ್ತರ, ಬಾಗಿಲು ದೊಡ್ಡದು, ಹಿಂದಿನ ಸೀಟು ಸೋಫಾ ಇದ್ದಂಗೆ. ಸೆರಗು ಹೊದ್ದು, ಮುಡಿ ತುಂಬ ಹೂ ಮುಡಿದು, ಕಂಕುಳಲ್ಲಿ ಮಗು ಎತ್ಕೊಂಡೂ ಒಳಗೆ ಹೋಗಬಹುದಿತ್ತು. ನನ್ನ ಮದ್ವೇಲಿ ನರಸೀಪುರದಿಂದ ಬಾಡಿಗೆಗೆ ತಂದಿದ್ದ ಅಂಬಾಸಿಡರಲ್ಲಿ ಹಿಂದೆ ಆರು ಜನ ಹೆಂಗಸರು ಕೂತಿದ್ವಿ, ಈಗ ಹೇಳಿದ್ರೆ ಯಾರೂ ನಂಬಲ್ಲ. 1957ರಿಂದ 2014ರವರೆಗೆ ಆ ಕಾರು ತಯಾರಾಯ್ತು. ಆಮೇಲಾಮೇಲೆ ಬಂದ ಡಿಕ್ಕಿ ಕಾರುಗಳು ಚೆಂದಕ್ಕೆ, ವೇಗಕ್ಕೆ ಅಂತ ನೆಲಕ್ಕೆ ಅಂಟ್ಕೊಂಡ್ವು. ಓಡ್ಸೋರಿಗೆ ಅದು ಸುಖ, ತಿರುವಲ್ಲಿ ಅಲ್ಲಾಡಲ್ಲ, ಪೆಟ್ರೋಲೂ ಉಳಿಯುತ್ತೆ. ಹಿಂದೆ ಕೂರೋ ಮಂಡಿನೋವಿನವರಿಗೆ ಮಾತ್ರ ಬಾವಿಗೆ ಇಳಿದಂಗೆ. ಹಂಗಾಗಿ ಈಗ ಎತ್ತರದ ಕಾರು ಅಂತ ಹೊಸದಾಗಿ ಮಾರ್ತಿರೋದ್ರಲ್ಲಿ ಅರ್ಧ ನಮ್ಮ ಹಳೇ ಅಂಬಾಸಿಡರ್ ಸೀಟೇ ಅಂತ ನನ್ನ ಅನಿಸಿಕೆ.

ಇಷ್ಟಾದ್ಮೇಲೆ ಎಲ್ರೂ ಮೈಸೂರಿಗೆ ಕಾರು ನೋಡೋಕೆ ಹೋದ್ವಿ. ಅತ್ತೇನೂ ಬರಲಿ ಅಂತ ನಾನು ಹಟ ಮಾಡ್ದೆ. ಮಗ ಮನಸ್ಸಲ್ಲೇ ಗೊತ್ತು ಮಾಡ್ಕೊಂಡಿದ್ದ ಕಾರು ಆನೆ ಇದ್ದಂಗಿತ್ತು, ಕಪ್ಪಗೆ, ದಪ್ಪ ಮೂತಿ. ಅಲ್ಲಿದ್ದ ಹುಡುಗ ಎಷ್ಟು ಕುದುರೆ ಶಕ್ತಿ, ಎಷ್ಟು ದೊಡ್ಡ ಟಚ್ ಸ್ಕ್ರೀನು ಅಂತ ಯಜಮಾನ್ರಿಗೂ ಮಗನಿಗೂ ಒಂದೇ ಉಸಿರಲ್ಲಿ ಹೇಳ್ತಿದ್ದ. ನಾನು "ಅತ್ತೆ, ಒಂದ್ಸಲ ಹತ್ತಿ" ಅಂದೆ. ಅವರು ಬಾಗಿಲು ಹಿಡ್ಕೊಂಡು ಕಾಲೆತ್ತಿದ್ರು. ಕಾಲು ಮೇಲಕ್ಕೆ ಹೋಗಲಿಲ್ಲ, ಸೀರೆ ನೆರಿಗೆ ಅಡ್ಡ ಬಂತು. ಇನ್ನೊಂದು ಸಲ ನೋಡಿ "ಬುಡವ್ವ, ಇದ್ಕ ಏಣಿ ಬೇಕು" ಅಂತ ನಕ್ಕು ಹಿಂದೆ ಸರಿದ್ರು. ಮಗನ ಮುಖ ಸಪ್ಪಗಾಯ್ತು. ಹಳೇ ಕಾರಲ್ಲಿ ಬಾವಿಗೆ ಇಳಿಸ್ತಿದ್ವಿ, ಇದರಲ್ಲಿ ಅಟ್ಟ ಹತ್ತಿಸಬೇಕಿತ್ತು. ಎತ್ತರ ಅಂದ ತಕ್ಷಣ ಎಲ್ಲ ಒಂದೇ ಅಲ್ಲ ಅಂತ ಅವತ್ತು ಗೊತ್ತಾಯ್ತು.

ಮನೆಗೆ ಬಂದು ನಾನೊಂದು ಕೆಲಸ ಮಾಡ್ದೆ. ಅತ್ತೆ ಮಲಗೋ ಮಂಚದಿಂದ ಯಾರ ಕೈಯೂ ಹಿಡೀದೆ ಎದ್ದು ನಿಲ್ತಾರೆ. ಆ ಮಂಚದ ಎತ್ತರಕ್ಕೆ ಒಂದು ಹುರಿ ಅಳೆದು ಗಂಟು ಹಾಕ್ದೆ. ಎರಡಡಿ ಮೇಲೆ ಎರಡಿಂಚು ಬಂತು. ಮುಂದಿನ ಸಲ ಹೋದಾಗ ಆ ಹುರಿ ಹಿಡ್ಕೊಂಡೇ ಹೋದೆ. ಕಾರಿನ ಬಾಗಿಲು ತೆಗೆದು ಸೀಟಿನ ಅಂಚಿನಿಂದ ನೆಲಕ್ಕೆ ಇಳಿಬಿಟ್ಟು ನೋಡೋದು. ಅಂಗಡಿ ಹುಡುಗ ಬಾಯಿ ಬಿಟ್ಕೊಂಡು ನೋಡ್ದ. ನೋಡ್ಲಿ, ದುಡ್ಡು ನಮ್ಮದು.

ಎತ್ತರದ್ದು ಒಳ್ಳೇದು ಅಂತ ಕಣ್ಮುಚ್ಚಿ ಹೊಗಳೋಳಲ್ಲ ನಾನು. ನಮ್ಮ ಭಾವನ ಮಗ ಆಗಲೇ ಒಂದು ದೊಡ್ಡದು ತಂದಿದಾನೆ. ಯುಗಾದಿ ದಿನ ನಮ್ಮ ಅಂಗಳದಲ್ಲಿ ನಿಲ್ಸಿ, ಹೊರಡೋಕೆ ಅಂತ ಸ್ಟಾರ್ಟ್ ಮಾಡ್ದ. ಪಕ್ಕದ ಮನೆ ಮೂರು ವರ್ಷದ ಮಗು ಅದರ ಮೂತಿ ಮುಂದೆ ಕೂತು ರಂಗೋಲಿ ಪುಡಿ ಕೆದಕ್ತಿತ್ತು. ಒಳಗೆ ಕೂತೋನಿಗೆ ಕಾಣಲೇ ಇಲ್ಲ. ನಾನು ಪಾತ್ರೆ ಬಿಸಾಕಿ ಕಿರುಚಿಕೊಂಡು ಓಡ್ದೆ, ದೇವರ ದಯೆ, ಗಾಡಿ ಅಲ್ಲೇ ನಿಂತಿತು. ಆ ಹುಡುಗನೂ ನಡುಗೋದ, ಅವನ ತಪ್ಪು ಅಂತ ನಾನು ಹೇಳಲ್ಲ. ಎತ್ತರದಲ್ಲಿ ಕೂತೋರಿಗೆ ದೂರದ್ದು ಚೆನ್ನಾಗಿ ಕಾಣುತ್ತೆ, ಕಾಲಬುಡದ್ದು ಕಾಣಲ್ಲ. ಅಮೆರಿಕದಲ್ಲಿ ವಿಮಾ ಕಂಪನಿಗಳ ರಸ್ತೆ ಸುರಕ್ಷತೆ ಸಂಸ್ಥೆಯವರು 2023ರಲ್ಲಿ ಲೆಕ್ಕ ಹಾಕಿ ಹೇಳಿದ್ರು, ಮೂತಿ 40 ಇಂಚಿಗಿಂತ ಎತ್ತರ ಇರೋ ಗಾಡಿ ನಡೆಯೋರಿಗೆ ಗುದ್ದಿದ್ರೆ ಸಾಯೋ ಸಂಭವ, ಮೂತಿ ಇಳಿಜಾರಾಗಿರೋ ಗಿಡ್ಡ ಕಾರಿಗಿಂತ ಸುಮಾರು ನೂರಕ್ಕೆ 45ರಷ್ಟು ಹೆಚ್ಚು ಅಂತ. ನಮ್ಮ ಬೀದೀಲಿ ಮಕ್ಕಳು, ಕೋಳಿ, ಕರು ಎಲ್ಲ ಒಟ್ಟಿಗೇ ಆಡ್ತವೆ. ಹೊಸ ಗಾಡಿ ತಂದೋರು ಹೊರಡೋ ಮುಂಚೆ ಒಂದು ಸುತ್ತು ಬಂದು ನೋಡ್ಲಿ. ನೋಡಲಿಲ್ಲ ಅಂದ್ರೆ ನಾವು ಹೆಂಗಸರೇ ಬಾಗಿಲಲ್ಲಿ ನಿಂತು ಜೋರು ಮಾಡಬೇಕು.

ದುಡ್ಡಿನ ಮಾತೂ ಇದೆ. ನಮ್ಮ ಕರ್ನಾಟಕದಲ್ಲಿ ರಸ್ತೆ ತೆರಿಗೆ ಜಾಸ್ತಿ. ಪೆಟ್ರೋಲು ಕಾರಿನ ಬೆಲೆ ಐದರಿಂದ ಹತ್ತು ಲಕ್ಷದೊಳಗಿದ್ರೆ ನೂರಕ್ಕೆ 14, ಹತ್ತು ದಾಟಿದ್ರೆ 17, ಇಪ್ಪತ್ತು ದಾಟಿದ್ರೆ 18. ಸೆಸ್ಸು ಬೇರೆ. ಒಂಬತ್ತು ಲಕ್ಷದ್ದಕ್ಕೆ 1 ಲಕ್ಷ 26 ಸಾವಿರ, ಹನ್ನೆರಡು ಲಕ್ಷದ್ದಕ್ಕೆ 2 ಲಕ್ಷ 4 ಸಾವಿರ. ಬರೀ ತೆರಿಗೇಲೇ 78 ಸಾವಿರ ಫರಕು, ಒಂದು ಒಳ್ಳೇ ಹಸು ಬರುತ್ತೆ. ಮೂರು ಲಕ್ಷ ಜಾಸ್ತಿ ಸಾಲದ ಕಂತು ಕಟ್ಟೋದು ಯಾರು? ಕಬ್ಬಿನ ದುಡ್ಡು ತಡ ಆದ ತಿಂಗಳು ಹಾಲಿನ ದುಡ್ಡಲ್ಲಿ ಕಂತು ಹೋಗುತ್ತೆ. ಹಾಲು ಕರೆಯೋರು ನಾವು. ಅದಕ್ಕೇ ಕಾರಿನ ಮಾತಲ್ಲಿ ನಮಗೆ ಬಾಯಿಲ್ಲ ಅನ್ನೋದನ್ನ ನಾನು ಒಪ್ಪಲ್ಲ.

ಸೆಡಾನ್ ಹೋಯ್ತು ಅಂತ ಅಳೋದೂ ಬೇಡ, ಎತ್ತರದ್ದು ಬಂತು ಅಂತ ಕುಣಿಯೋದೂ ಬೇಡ. ಮನೇಲಿ ಮಂಡಿ ನೋವಿನವರು, ಬಸುರಿ, ಸಣ್ಣ ಮಕ್ಕಳ ತಾಯಿ ಇದ್ರೆ ಸೊಂಟದ ಮಟ್ಟಕ್ಕೆ ಬರೋ ಸೀಟು ನೋಡಿ. ಗಂಡ ಹೆಂಡ್ತಿ ಇಬ್ರೇ, ಮೈಸೂರು ದೊಡ್ಡ ರಸ್ತೇಲೇ ಓಡಾಟ, ಮಂಡಿ ಗಟ್ಟಿ ಇದೆ ಅಂದ್ರೆ ಈಗ ಕಮ್ಮಿ ಬೆಲೆಗೆ ಸಿಗೋ ಹಳೇ ಡಿಕ್ಕಿ ಕಾರಿನಷ್ಟು ಸುಖ ಬೇರೆ ಇಲ್ಲ. ಯಾವುದೇ ತಗೊಳ್ಳಿ, ಹತ್ತಿ ಇಳಿದು ನೋಡೋ ಮೊದಲ ಹಕ್ಕು ಮನೆಯ ಅತಿ ವಯಸ್ಸಾದ ಹೆಂಗಸಿಗೆ ಇರಲಿ. ಜೀನ್ಸ್ ಹಾಕಿದ ಮೊಮ್ಮಗಳನ್ನ ಹತ್ತಿಸಿ ನೋಡಿದ್ರೆ ಆಗಲ್ಲ, ಸೀರೆ ಉಟ್ಟೋರೇ ಹತ್ತಬೇಕು.

ನಮ್ಮನೇಲಿ ಕೊನೆಗೆ ನಾಲ್ಕು ಮೀಟರಿನೊಳಗಿನ ಸಣ್ಣ ಎತ್ತರದ್ದೇ ಗೊತ್ತಾಗಿದೆ. ಹುರಿಯ ಗಂಟಿಗೆ ಅರ್ಧ ಇಂಚು ಮಾತ್ರ ಹೆಚ್ಚು. ಬಣ್ಣ ಮಗನ ಇಷ್ಟ. ಬೆಳ್ಳಿ ಕಾರನ್ನ ನನ್ನ ತಮ್ಮ ತಗೊಂಡು ಹೋಗ್ತಾನೆ. ಯಜಮಾನ್ರು ಮೊನ್ನೆ ಅದನ್ನ ತೊಳೀತಾ ತುಂಬ ಹೊತ್ತು ಒಬ್ರೇ ಇದ್ರು, ನಾನೂ ಮಾತಾಡಿಸಲಿಲ್ಲ. ಅತ್ತೆ ಮಾತ್ರ ಆಗಲೇ ಲೆಕ್ಕ ಹಾಕ್ತಾ ಇದಾರೆ, ಮೊದಲು ನಂಜನಗೂಡೋ, ಮುಡುಕುತೊರೆಯೋ ಅಂತ. ನಂಜುಂಡಪ್ಪನಿಗೆ ತಪ್ಪುಕಾಣಿಕೆ ಬಾಕಿ ಇದೆಯಂತೆ. ಬರೋ ಸೋಮವಾರ ಬೆಳಿಗ್ಗೆ ಹೊರಡ್ತೀವಿ, ಹಿಂದಿನ ಸೀಟಲ್ಲಿ ಇನ್ನೊಬ್ರಿಗೆ ಜಾಗ ಇದೆ, ಬರೋರು ಭಾನುವಾರ ಸಾಯಂಕಾಲದೊಳಗೆ ಹೇಳಿ.