ಷಟರಿಗೆ ಎರಡು ಬೀಗ, ಲೆಕ್ಕದ ಪೆಟ್ಟಿಗೆಗೆ ಒಂದೂ ಇಲ್ಲ!

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಅಂಗಡಿಗೆ ಕಂಪ್ಯೂಟರ್ ಬಂತು, ಮನೆಗೆ ಬಂತು, ಅದರ ಹಿಂದೆಯೇ ವೈರಸ್ಸೂ ಬಂತು. ಇದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವಿರುವುದು ನಮ್ಮವರ ನಿಶ್ಚಿಂತೆಯಲ್ಲಿ. ರಾತ್ರಿ ಷಟರ್ ಎಳೆದು, ಎರಡೆರಡು ಬೀಗ ಜಡಿದು, ಮೂರು ಸಲ ಜಗ್ಗಿ ನೋಡಿ ಮನೆಗೆ ಹೋಗುವ ವರ್ತಕ ಮಹಾಶಯರು, ಉದ್ರಿ ಲೆಕ್ಕದಿಂದ ಹಿಡಿದು ಜಿಎಸ್‌ಟಿವರೆಗೆ ಸಮಸ್ತವೂ ಕೂತಿರುವ ಆ ಪೆಟ್ಟಿಗೆಯ ಬಾಗಿಲನ್ನು ಮಾತ್ರ ತೆರೆದೇ ಬಿಟ್ಟಿರುತ್ತಾರೆ.

ಕೇಳಿದರೆ ಉತ್ತರ ಸಿದ್ಧ: "ನಮ್ಮ ಅಂಗಡೀಲಿ ಏನಿದೆ ಸಾರ್ ಕದಿಯೋಕೆ? ಅವರೆಲ್ಲ ದೊಡ್ಡ ದೊಡ್ಡವರಿಗೆ ಕೈ ಹಾಕ್ತಾರೆ."

ಎಡವಟ್ಟಾಗುವುದು ಇಲ್ಲೇ. ವೈರಸ್ ಬಿಡುವವನು ಒಂದೊಂದೇ ಮೀನಿಗೆ ಗಾಳ ಹಾಕಿ ಕೂರುವವನಲ್ಲ, ಬಲೆ ಬೀಸುವವನು. ಬಲೆಗೆ ತಿಮಿಂಗಿಲವೂ ಒಂದೇ, ಸಸಿಮೀನೂ ಒಂದೇ. ನಿಮ್ಮ ಊರು ಯಾವುದು, ಅಂಗಡಿ ಯಾವುದು ಎಂದು ಅವನಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ನಿಮ್ಮ ಲೆಕ್ಕ ಅವನಿಗೆ ಕವಡೆ ಕಾಸಿನದ್ದಲ್ಲದಿರಬಹುದು. ನಿಮಗೆ ಬೇಕಲ್ಲ, ಅವನಿಗೆ ಅಷ್ಟು ಸಾಕು. ಫೈಲುಗಳಿಗೆಲ್ಲ ತನ್ನ ಬೀಗ ಹಾಕಿ, ಕೀಲಿಕೈಗೆ ದುಡ್ಡು ಕೇಳುತ್ತಾನೆ. ಇದಕ್ಕೆ ರ‍್ಯಾನ್ಸಂವೇರ್ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಒತ್ತೆಯಿಟ್ಟು ವಸೂಲಿ.

ದೊಡ್ಡವರ ಗತಿ ಏನಾಯಿತು?

2017ರ ಮೇ 12ರಂದು ವಾನಾಕ್ರೈ ಎಂಬ ಮಾರಿ ಹೊರಟಿತು. ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಬಡಿದು, ಒಂದೊಂದಕ್ಕೆ 300 ಡಾಲರ್ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ತಮಾಷೆಯೆಂದರೆ, ಅದು ನುಗ್ಗಿದ ಕಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲೇ ಪುಕ್ಕಟೆ ಕೊಟ್ಟಿತ್ತು. "ನಾಳೆ ಅಪ್‌ಡೇಟ್ ಮಾಡಿದರಾಯಿತು" ಎಂದು ಎರಡು ತಿಂಗಳು ಮುಂದೂಡಿದವರ ಮನೆಗೇ ಮಾರಿ ಬಂದದ್ದು.

2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಗೂ ಇದೇ ಗತಿಯಾಗಿ, ಎಷ್ಟೋ ದಿನ ಪೆನ್ನು ಕಾಗದದಲ್ಲೇ ಕೆಲಸ ನಡೆಯಿತು. 2024ರ ಜುಲೈ ಕೊನೆಗೆ, ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಸಿ-ಎಡ್ಜ್ ಎಂಬ ಒಂದೇ ಕಂಪನಿಗೆ ಏಟು ಬಿತ್ತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಯುಪಿಐ ವಹಿವಾಟು ನಿಂತಿತು. ಪಟ್ಟಣದ ದೊಡ್ಡ ಬ್ಯಾಂಕಿಗಲ್ಲ ಸ್ವಾಮಿ, ನಮ್ಮಂಥವರ ಪಾಸ್‌ಬುಕ್ ಇರುವ ಬ್ಯಾಂಕಿಗೆ. "ದೊಡ್ಡವರಿಗೆ ಮಾತ್ರ" ಎನ್ನುವ ಮಾತು ಅಲ್ಲಿಗೆ ಮುಗಿಯಿತು.

ಮೂರು ಬಾಗಿಲು

ಮೊದಲನೆಯದು ಪೆನ್ ಡ್ರೈವ್. ಬಸ್‌ಸ್ಟ್ಯಾಂಡ್ ಎದುರಿನ ಯಾವುದೇ ಜೆರಾಕ್ಸ್, ಡಿಟಿಪಿ ಅಂಗಡಿಯ ಮುಂದೆ ಅರ್ಜಿ ಹಾಕುವ ಸೀಸನ್ನಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಒಂದೇ ಯಂತ್ರಕ್ಕೆ ಊರಿನವರೆಲ್ಲರ ಪೆನ್ ಡ್ರೈವ್ ಸರದಿಯಲ್ಲಿ ಚುಚ್ಚಿಸಿಕೊಳ್ಳುತ್ತದೆ. ಒಂದೇ ಸೂಜಿಯಲ್ಲಿ ಊರಿಗೆಲ್ಲ ಇಂಜೆಕ್ಷನ್ ಕೊಟ್ಟ ಹಾಗೆ! ಒಬ್ಬನ ಸೋಂಕು ಸಂಜೆಯೊಳಗೆ ಐವತ್ತು ಮನೆಗೆ. ಶಾರ್ಟ್‌ಕಟ್ ವೈರಸ್ ಎಂಬುದೊಂದಿದೆ: ನಿಮ್ಮ ಫೈಲುಗಳನ್ನು ಬಚ್ಚಿಟ್ಟು, ಅದೇ ಹೆಸರಿನ ಸುಳ್ಳು ಗುರುತುಗಳನ್ನು ಮುಂದಿಡುತ್ತದೆ. ನೀವು ಒತ್ತಿದಿರೋ, ಅದು ನಿಮ್ಮ ಮನೆ ಹೊಕ್ಕಿತು. ಅಂಗಡಿಯವನನ್ನು ಬೈದು ಫಲವಿಲ್ಲ. ಅವನೂ ಗಿರಾಕಿಯಿಂದಲೇ ಹತ್ತಿಸಿಕೊಂಡವನು. ಪ್ರಿಂಟ್ ಬೇಕಾದರೆ ಇಮೇಲಿನಲ್ಲಿ ಕಳಿಸಿ. ಇಲ್ಲವೆ ಅದಕ್ಕೆಂದೇ ಒಂದು ಪೆನ್ ಡ್ರೈವ್ ಇಟ್ಟುಕೊಂಡು, ಮನೆಗೆ ಬಂದೊಡನೆ ಸ್ಕ್ಯಾನ್ ಮಾಡದೆ ತೆರೆಯಬೇಡಿ.

ಎರಡನೆಯ ಬಾಗಿಲು ಕಳ್ಳ ಸಾಫ್ಟ್‌ವೇರ್. ಸಿಸ್ಟಂ ಜೋಡಿಸಿಕೊಟ್ಟವನು "ಎಲ್ಲಾ ಹಾಕ್ಕೊಟ್ಟಿದ್ದೀನಿ ಅಣ್ಣಾ" ಎನ್ನುತ್ತಾನೆ. ನಾವು ಸಾವಿರಾರು ರೂಪಾಯಿ ಉಳಿಯಿತೆಂದು ಹಿಗ್ಗುತ್ತೇವೆ. ಈ ಕ್ರ್ಯಾಕ್ ಎಂಬುದನ್ನು ಹಾಕುವಾಗ ಮೊದಲ ಸೂಚನೆಯೇ "ಆಂಟಿವೈರಸ್ ಆಫ್ ಮಾಡಿ" ಎಂದು. ಕಾವಲುನಾಯಿಯ ಬಾಯಿ ಕಟ್ಟಿ ಕಳ್ಳನನ್ನು ಒಳಗೆ ಕರೆದ ಹಾಗಾಯಿತು. ಚರಿತ್ರೆಯ ಕುಚೋದ್ಯ ನೋಡಿ: 1986ರಲ್ಲಿ ಪಿಸಿಗಳಿಗೆ ಬಂದ ಮೊದಲ ವೈರಸ್ 'ಬ್ರೈನ್' ಅನ್ನು ಬರೆದವರು ಲಾಹೋರಿನ ಇಬ್ಬರು ಅಣ್ಣತಮ್ಮಂದಿರು. ತಮ್ಮ ಸಾಫ್ಟ್‌ವೇರ್ ಕದಿಯುವವರ ಮೇಲಿನ ಸಿಟ್ಟಿನಿಂದ ಬರೆದೆವೆಂದರು. ಅದರೊಳಗೆ ಹೆಸರು, ವಿಳಾಸ, ಫೋನ್ ನಂಬರನ್ನೂ ಹಾಕಿದ್ದರು! ಇಂದಿನವರಿಗೆ ಅಷ್ಟು ಮರ್ಯಾದೆ ಇಲ್ಲ. ಆದರೆ ಕಳ್ಳ ಮಾಲಿಗೂ ವೈರಸ್ಸಿಗೂ ಇರುವ ನಂಟು ಮಾತ್ರ ಹಾಗೆಯೇ ಉಳಿದಿದೆ.

ಮೂರನೆಯದು ನಮ್ಮದೇ ಗಾಬರಿ. "ಬಾಕಿ ಬಿಲ್", "ಜಿಎಸ್‌ಟಿ ನೋಟಿಸ್", "ನಿಮ್ಮ ಪಾರ್ಸೆಲ್ ನಿಂತಿದೆ" ಎಂಬ ಮೇಲಿನ ಜೊತೆ ಫೈಲೊಂದು ಬರುತ್ತದೆ. ಅಥವಾ ಪರದೆ ತುಂಬ ಕೆಂಪಾಗಿ "ವೈರಸ್ ಹಿಡಿದಿದೆ, ಈ ನಂಬರಿಗೆ ಫೋನ್ ಮಾಡಿ" ಎಂದು ಕಿರುಚುತ್ತದೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ನಂಬರ್ ಇದ್ದರೆ ಅದು ಮೋಸ, ಮಾತು ಮುಗಿಯಿತು.

ಖರ್ಚಿಲ್ಲದ ಕೆಲಸ ಮೊದಲು

ನಿಮ್ಮದು ಯಾವ ವಿಂಡೋಸ್ ಎಂದು ಇವತ್ತೇ ನೋಡಿ. ಏಳಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಎಳ್ಳುನೀರು ಬಿಟ್ಟಿತು. ಹತ್ತರ ಮಾಮೂಲು ಸೇವೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹನ್ನೊಂದಕ್ಕೆ ಒಗ್ಗದ ಹಳೆಯ ಯಂತ್ರವಾದರೆ ಪುಕ್ಕಟೆ ಸಿಗುವ ಲಿನಕ್ಸ್ ಇದೆ. ಬಿಲ್ ಹಾಕುವ ಸಾಫ್ಟ್‌ವೇರ್ ಅದರಲ್ಲಿ ಓಡುವುದಿಲ್ಲವೇ? ಹಾಗಾದರೆ ಆ ಯಂತ್ರಕ್ಕೆ ಬಿಲ್ಲಿನ ಕೆಲಸ ಮಾತ್ರ ಬಿಟ್ಟು, ಇಂಟರ್‌ನೆಟ್ ತಂತಿ ಕೀಳಿ.

ಹತ್ತು, ಹನ್ನೊಂದರ ಜೊತೆಗೇ ಡಿಫೆಂಡರ್ ಎಂಬ ಕಾವಲುಗಾರ ಪುಕ್ಕಟೆ ಬಂದಿರುತ್ತಾನೆ. ಅವನನ್ನು ಆಫ್ ಮಾಡದಿದ್ದರೆ ಮನೆಗೆ ಸಾಕು. ಮೇಲೆ ಎರಡೆರಡು ಆಂಟಿವೈರಸ್ ಹೇರಿದರೆ ಅವು ಒಂದಕ್ಕೊಂದು ಜಗಳವಾಡುತ್ತವೆ, ಯಂತ್ರ ಏದುಸಿರು ಬಿಡುತ್ತದೆ. ಮಕ್ಕಳ ಆಟಕ್ಕೆ ಬೇರೆ ಖಾತೆ ಮಾಡಿ. ಹೊಸ ಸಾಫ್ಟ್‌ವೇರ್ ಹಾಕುವ ಅಧಿಕಾರ ಅದಕ್ಕೆ ಬೇಡ.

ಎಲ್ಲಕ್ಕಿಂತ ದೊಡ್ಡ ಮಾತು ನಕಲು ಪ್ರತಿ. ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದು ವಾರಕ್ಕೊಮ್ಮೆ ಲೆಕ್ಕ, ಫೋಟೋ, ಕಾಗದಪತ್ರ ತುಂಬಿಸಿ. ತುಂಬಿಸಿದ ಮೇಲೆ ಕಳಚಿ ಬೇರೆ ಕಡೆ ಇಡಿ. ಯಂತ್ರಕ್ಕೇ ಸಿಕ್ಕಿಸಿಟ್ಟರೆ ವೈರಸ್ ಅದಕ್ಕೂ ಬೀಗ ಹಾಕುತ್ತದೆ. ತಿಂಗಳಿಗೊಮ್ಮೆ ತೆರೆದು ಫೈಲುಗಳು ಸರಿಯಾಗಿವೆಯೇ ನೋಡಿ. ಇದೊಂದಿದ್ದರೆ ಒತ್ತೆ ಕೇಳುವವನಿಗೆ "ಹೋಗಯ್ಯ" ಎನ್ನುವ ಧೈರ್ಯ ಬರುತ್ತದೆ.

ಅಕಸ್ಮಾತ್ ಬಡಿದೇಬಿಟ್ಟಿತೆ? ಮೊದಲು ನೆಟ್ ಕಳಚಿ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿಸಬೇಡಿ, ದುಡ್ಡೂ ಕಳಿಸಬೇಡಿ. ಕೊಟ್ಟವರಿಗೆಲ್ಲ ಕೀಲಿಕೈ ಸಿಕ್ಕೀತೆಂಬ ಖಾತ್ರಿಯಿಲ್ಲ. ಕೆಲವು ಬೀಗಗಳಿಗೆ 'ನೋ ಮೋರ್ ರ‍್ಯಾನ್ಸಂ' ಎಂಬ ತಾಣದಲ್ಲಿ ಕೀಲಿಕೈ ಪುಕ್ಕಟೆ ಇದೆ. ಯುರೋಪಿನ ಪೊಲೀಸರೂ ಸೇರಿ 2016ರಲ್ಲಿ ಶುರುಮಾಡಿದ್ದು ಅದು. ಬ್ಯಾಂಕಿನ ಪಾಸ್‌ವರ್ಡನ್ನು ಬೇರೆ ಯಂತ್ರದಿಂದ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಜಿಲ್ಲೆಯ ಸಿಇಎನ್ ಠಾಣೆಗೆ ದೂರು ಕೊಡಿ.

ಕೊನೆಗೊಂದು ಮಾತು. ಸೊಳ್ಳೆ ಹೆಚ್ಚಾದರೆ ನಗರಸಭೆಯನ್ನು ಬೈದು ಹೊಗೆ ಬಿಡಿಸುತ್ತೇವೆ. ಈ ಸೊಳ್ಳೆಗೆ ಹೊಗೆ ಬಿಡಲು ಯಾರೂ ಬರುವುದಿಲ್ಲ. ವರ್ತಕರ ಸಂಘದವರು ಸನ್ಮಾನ, ಶಾಲುಗಳ ನಡುವೆ ಒಂದು ಸಂಜೆ ಬಿಡುವು ಮಾಡಿ, ತಿಳಿದವರನ್ನು ಕರೆಸಿ ಸದಸ್ಯರಿಗೆ ಇದನ್ನು ಹೇಳಿಸಲಿ. ಕಂಪ್ಯೂಟರ್ ಮಾರುವವರು ಒಳಗಿನ ವಿಂಡೋಸ್ ಅಸಲಿಯೋ ಅಲ್ಲವೋ ಎಂದು ಬಿಲ್ಲಿನಲ್ಲಿ ಬರೆದುಕೊಡಲಿ. ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಅಭ್ಯಾಸ ನಮಗೆ ಹಳೆಯದು. ಈ ಒಂದು ಕೋಟೆಯ ವಿಷಯದಲ್ಲಾದರೂ ಬಾಗಿಲು ಮೊದಲು ಹಾಕೋಣ.