ಹಾಲಿಗೆ ಮಡಿ, ಆಲಿಗೆ ಮೈಲಿಗೆ

ಬೆಳಿಗ್ಗೆ ಮಾಲೂರು ಕಡೆಯ ಯಾವ ಹಳ್ಳಿಯ ಡೈರಿ ಮುಂದೆ ಬೇಕಾದರೂ ಹೋಗಿ ನಿಂತುಕೊಳ್ಳಿ. ಕ್ಯಾನು ಹಿಡಿದು ಬಂದವರು 'ಆಲು ತಂದಿವ್ನಿ' ಅಂತಾರೆ. ಅಳೆಯುವವನು ಅಳೀತಾನೆ, ಫ್ಯಾಟು ನೋಡ್ತಾನೆ, ಬರಕೊಳ್ತಾನೆ. 'ಹಾಲು' ಅಂದವನಿಗೆ ಲೀಟರಿಗೆ ಒಂದು ರೇಟು, 'ಆಲು' ಅಂದವನಿಗೆ ಇನ್ನೊಂದು ರೇಟು ಅನ್ನೋದು ಅಲ್ಲಿಲ್ಲ. ಅದೇ ಮನೆಯ ಮಗು ಹತ್ತು ಗಂಟೆಗೆ ಶಾಲೆಯಲ್ಲಿ ಕೂತು 'ಆಲು' ಎಂದು ಬರೆದರೆ ಮಾತ್ರ ಕೆಂಪು ಗೀಟು. ನಮ್ಮಲ್ಲಿ ಹಲವರಿಗೆ ಗೀಟಿನ ಜೊತೆ ತಲೆಗೆ ಮೊಟಕೂ ಬಿದ್ದಿದೆ. 'ಕೇರಿ ನಾಲಿಗೆ ಎಲ್ಲಿ ಹೊರಳುತ್ತೆ ಬಿಡು' ಎಂಬ ಮಾತೂ ಬಿದ್ದಿದೆ. ಮೊಟಕು ಮರೆತಿದ್ದೇವೆ. ಮಾತು ಮರೆತಿಲ್ಲ.

ಪಂಡಿತರೇ, ನಿಮ್ಮ 'ಹಾಲು' ಎಲ್ಲಿಂದ ಬಂತು? ಹಳಗನ್ನಡದಲ್ಲಿ ಅದು 'ಪಾಲ್'. 941ರಲ್ಲಿ ಆದಿಪುರಾಣ ಬರೆದ ಪಂಪನ ಕನ್ನಡದಲ್ಲಿ ಹುಲಿ 'ಪುಲಿ', ಹೂವು 'ಪೂ'. ಹತ್ತನೇ ಶತಮಾನದ ಹೊತ್ತಿಗೆ ಆ ಪಕಾರ ಸಡಿಲವಾಗಿ ಹಕಾರವಾಗತೊಡಗಿತು. ನಡುಗನ್ನಡದ ಹೊತ್ತಿಗೆ 'ಹಾಲು' ಗಟ್ಟಿಯಾಯಿತು. ನಮ್ಮ ಹಿರಿಯರ ಬಾಯಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆ ಹಕಾರವನ್ನೂ ಬಿಟ್ಟಿತು. ಪಾಲು, ಹಾಲು, ಆಲು. ದಾರಿ ಒಂದೇ. ನಿಮ್ಮ ಹೆಜ್ಜೆಗೆ ವ್ಯಾಕರಣದಲ್ಲಿ ಬೆಳವಣಿಗೆ ಅಂತ ಹೆಸರು, ನಮ್ಮ ಹೆಜ್ಜೆಗೆ ಅಪಭ್ರಂಶ. ಇದು ಯಾವ ನ್ಯಾಯ ಸ್ವಾಮೀ?

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೋದರೆ ಸಿಕ್ಕು ಇನ್ನೂ ದೊಡ್ಡದು. ಅಲ್ಲಿ ಎಷ್ಟೋ ಕೇರಿಗಳ ಮನೆಮಾತು ತೆಲುಗು. ಆ ಮಗು ಹಾಲಿಗೆ 'ಪಾಲು' ಅನ್ನುತ್ತೆ, ಹುಲಿಗೆ 'ಪುಲಿ' ಅನ್ನುತ್ತೆ. ಕನ್ನಡ ಕಳೆದುಕೊಂಡ ಪಕಾರವನ್ನು ತೆಲುಗು ಇನ್ನೂ ಇಟ್ಟುಕೊಂಡಿದೆ. ಆ ಮಗುವಿನ ಬಾಯಲ್ಲಿ ಪಂಪನ ಕಾಲದ ಸದ್ದು ಐತೆ, ಮೇಷ್ಟ್ರಿಗೆ ಕೇಳಿಸೋದು ಮಾತ್ರ 'ತೆಲುಗು ಗಲಾಟೆ'. ನಮ್ಮ ಕೆರೆ ಅವರಿಗೆ ಚೆರುವು, ನಮ್ಮ ಕಿವಿ ಅವರಿಗೆ ಚೆವಿ. ಇಷ್ಟು ಹತ್ತಿರದ ಎರಡು ನುಡಿಗಳ ನಡುವೆ ಮಗುವನ್ನು ಕೈ ಹಿಡಿದು ದಾಟಿಸಲು ಎಷ್ಟು ಹೊತ್ತು ಬೇಕು? ದಾಟಿಸುವುದಿಲ್ಲ, ಹಿಂದಿನ ಬೆಂಚಿಗೆ ಕಳಿಸುತ್ತಾರೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲಕ್ಷಗಟ್ಟಲೆ ವ್ಯಾಪಾರ ತೆಲುಗಿನಲ್ಲೇ ಕುದುರುತ್ತೆ. ಅಲ್ಲಿ ಕನ್ನಡಕ್ಕೆ ಧಕ್ಕೆ ಬಂತು ಅಂದವರನ್ನು ನಾವು ಕಂಡಿಲ್ಲ.

ಕೋಲಾರದ ಮಣ್ಣು ಯಾವತ್ತು ಒಂದೇ ನುಡಿ ಆಡಿದೆ? ಕೋಲಾರಮ್ಮನ ಗುಡಿಯ ಗೋಡೆ ಮೇಲೆ ಚೋಳರ ತಮಿಳು ಶಾಸನಗಳಿವೆ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಅವರಿಗೆ ಬಂತು, ಕನ್ನಡದ ಆಸ್ತಿ ಅನ್ನಿಸಿಕೊಂಡರು. ಸಂತೋಷವೇ. ಅವರ ಕತೆಗಳ ಸರಳ ಕನ್ನಡ ನಮಗೂ ಇಷ್ಟ. ನಮ್ಮ ಪ್ರಶ್ನೆ ಬೇರೆ. ಅಯ್ಯಂಗಾರರ ಮನೆಯ ತಮಿಳು ಕನ್ನಡಕ್ಕೆ ಅಡ್ಡ ಬರದಿದ್ದರೆ, ಮಾದಿಗರ ಮನೆಯ ತೆಲುಗು ಹೇಗೆ ಅಡ್ಡ ಬರುತ್ತೆ?

ಇಂಥದೇ ಒಂದು ಕತೆ ದಕ್ಷಿಣ ಆಫ್ರಿಕಾದಲ್ಲಿ ನಡೆದಿದೆ. 1652ರಲ್ಲಿ ಡಚ್ಚರ ಕಂಪನಿ ಕೇಪಿನಲ್ಲಿ ಠಾಣೆ ಹಾಕಿತು. ಜೀತಕ್ಕೆ ಮಡಗಾಸ್ಕರ್, ಜಾವಾ, ಬಂಗಾಳದಿಂದ, ನಮ್ಮ ಪಕ್ಕದ ಕೋರಮಂಡಲ ತೀರದಿಂದಲೂ ಜನರನ್ನು ಗುಲಾಮರಾಗಿ ಹೊತ್ತೊಯ್ದರು. ಆ ಗುಲಾಮರ, ಅಲ್ಲಿನ ಮೂಲನಿವಾಸಿ ಖೋಯಿ ಜನರ, ಬಡ ಬಿಳಿಯರ ಬಾಯಲ್ಲಿ ಡಚ್ಚು ಕರಗಿ ಬೇರೆಯಾಯಿತು. ಅದೇ ಆಫ್ರಿಕಾನ್ಸ್. ಪದಗಳಲ್ಲಿ ಬಹುಪಾಲು ಡಚ್ಚಿನವೇ. ಆದರೆ ಡಚ್ಚಿನಲ್ಲಿ ನಾನು ನಡೆದರೆ 'ಲೋಪ್', ಅವನು ನಡೆದರೆ 'ಲೋಪ್ಟ್', ನಾವು ನಡೆದರೆ 'ಲೋಪನ್'. ಆಫ್ರಿಕಾನ್ಸಿನಲ್ಲಿ ಯಾರು ನಡೆದರೂ 'ಲೋಪ್' ಒಂದೇ. ಅಲ್ಲಿನ ಪಂಡಿತರಿಗೂ ಅದು ಲೋಪವಾಗಿಯೇ ಕಂಡಿತು! 'ಅಡಿಗೆಮನೆ ಡಚ್ಚು' ಎಂದು ಹಂಗಿಸಿದರು. ಕೇಪಿನ ಮುಸಲ್ಮಾನರು ತಮ್ಮ ಮಕ್ಕಳಿಗಾಗಿ ಅದನ್ನು ಅರಬ್ಬಿ ಲಿಪಿಯಲ್ಲಿ ಬರೆದುಕೊಂಡರು. ಅಬೂಬಕರ್ ಎಫೆಂದಿಯ ಪುಸ್ತಕ 1877ರಲ್ಲಿ ಇಸ್ತಾಂಬುಲ್ಲಿನಲ್ಲಿ ಅಚ್ಚಾಯಿತು.

ಮುಂದಿನದು ನಾವು ಕಣ್ಣಗಲಿಸಿ ಓದಬೇಕಾದ ಭಾಗ. 1875ರಲ್ಲಿ ಬಿಳಿಯರೇ ಸಂಘ ಕಟ್ಟಿ ಆ ನುಡಿಯನ್ನು ನಮ್ಮದು ಅಂದರು. 1925ರಲ್ಲಿ ಅದು ಅಧಿಕೃತ ಭಾಷೆಯಾಯಿತು. ಗುಲಾಮರ ಪಾಲು ಚರಿತ್ರೆಯಿಂದ ಅಳಿಸಿಹೋಯಿತು. ಆಮೇಲೆ ಅದೇ ನುಡಿ ವರ್ಣಭೇದದ ಕೈಕೋಲಾಯಿತು. ಕಪ್ಪು ಮಕ್ಕಳು ಅರ್ಧ ಪಾಠವನ್ನು ಆಫ್ರಿಕಾನ್ಸಿನಲ್ಲೇ ಕಲಿಯಬೇಕು ಎಂಬ ಆಜ್ಞೆ ಬಂತು. 1976ರ ಜೂನ್ 16ರಂದು ಸೊವೆಟೊದ ಮಕ್ಕಳು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಹೆಕ್ಟರ್ ಪೀಟರ್ಸನ್‌ಗೆ ಹನ್ನೆರಡು ವರ್ಷ. ಮುಂದಿನ ತಿಂಗಳುಗಳಲ್ಲಿ ಸತ್ತವರು ನೂರಾರು. ಅಡಿಗೆಮನೆಯಿಂದ ಹುಟ್ಟಿದ ನುಡಿ ಅದು, ನೆನಪಿರಲಿ.

ಗೆಳೆಯರೇ, ಇದನ್ನು ಪಂಡಿತರಿಗೆ ಮಾತ್ರ ಹೇಳುತ್ತಿಲ್ಲ, ನಮಗೂ ಹೇಳಿಕೊಳ್ಳುತ್ತಿದ್ದೇವೆ. 1982ರ ಗೋಕಾಕ್ ಚಳವಳಿ ಸಂಸ್ಕೃತದ ಯಜಮಾನಿಕೆಯನ್ನು ಪ್ರಶ್ನಿಸಿದ್ದು ಸರಿಯೇ. ಆದರೆ ಸಂಸ್ಕೃತಕ್ಕೆ ಎತ್ತಿದ ಕೋಲು ಗಡಿಯ ಕೇರಿಯ ತೆಲುಗು ಮಗುವಿನ ಬೆನ್ನ ಮೇಲೆ ಬಿದ್ದರೆ ಅದನ್ನು ಕನ್ನಡದ ಗೆಲುವು ಅಂತ ನಾವು ಒಪ್ಪೋದಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂದಿತು. ದುಡ್ಡಿದ್ದವನ ಮಗು ವ್ಯಾನು ಹತ್ತಿ ಇಂಗ್ಲಿಷಿಗೆ ಹೋಯಿತು. ಶುದ್ಧ ಕನ್ನಡ ಉಳಿಸುವ ಭಾರ ಈಗ ಯಾರ ತಲೆ ಮೇಲೆ? ಸರ್ಕಾರಿ ಶಾಲೆಯ ನಮ್ಮ ಮಕ್ಕಳ ತಲೆ ಮೇಲೆ.

ದೇವನೂರರ 'ಕುಸುಮಬಾಲೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಆಡುಮಾತಿನ ಸೊಗಸನ್ನು ಹೊಗಳಿದವರೇ ಹೊಗಳಿದರು. ಪುಸ್ತಕದಲ್ಲಿ ಸೊಗಸು, ಉತ್ತರಪತ್ರಿಕೆಯಲ್ಲಿ ತಪ್ಪು! ಕೇರಿಯ ನುಡಿಯನ್ನೇ ಹೊಸ ಶಿಷ್ಟ ಕನ್ನಡ ಮಾಡಿ ಎಲ್ಲರ ಮೇಲೆ ಕೂರಿಸಿ ಎಂದು ನಾವು ಕೇಳುತ್ತಿಲ್ಲ. ಬರವಣಿಗೆಯ ಕನ್ನಡ ನಮಗೂ ಬೇಕು, ಅರ್ಜಿ ಬರೆಯಬೇಕು, ಕೋರ್ಟಿಗೆ ಹೋಗಬೇಕು. ಕೇಳುತ್ತಿರುವುದು ಇಷ್ಟು. 'ಆಲು' ಬರೆದ ಮಗುವಿಗೆ ಪಕ್ಕದಲ್ಲಿ 'ಹಾಲು' ಎಂದೂ ಬರೆಯೋದು ತೋರಿಸಿ, ಅಂಕ ಕೀಳಬೇಡಿ. ಮುಳಬಾಗಿಲಿನ ಗಡಿ ಶಾಲೆಗೆ ಹೋಗುವ ಮೇಷ್ಟ್ರು ಒಂದನೇ ಕ್ಲಾಸಿನಲ್ಲಾದರೂ ಮಕ್ಕಳ ಜೊತೆ ತೆಲುಗು ಮಾತಾಡಲಿ, ಅಲ್ಲಿಂದ ಕನ್ನಡಕ್ಕೆ ಕರಕೊಂಡು ಬರಲಿ. ತೆಲುಗು ಬರಲ್ಲ ಅಂದರೆ ಸಾಯಂಕಾಲ ಕೇರಿಗೆ ಬರಲಿ. ನಮ್ಮ ಅಮ್ಮಂದಿರು ಕಲಿಸ್ತಾರೆ, ಫೀಜು ಕೇಳೋದಿಲ್ಲ, ಮೊಟಕೋದೂ ಇಲ್ಲ.